ಪೆಟ್ಟಿನಿಂದ ಮುರಿದ ಹಲ್ಲನ್ನು ಉಳಿಸಿಕೊಳ್ಳುವ ಬಗೆ
ಮಂಡ್ಯದ ಕಡೆ ಕಬ್ಬಿನ ಗಾಡಿಗಳು ಓಡಾಡುವ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಮುಂದಿನ ಹಲ್ಲು ಮುರಿದರೆ, ಚೂರನ್ನು ಹುಡುಕಿ ಹಾಲಿನಲ್ಲಿ ಹಾಕಿಕೊಂಡು ಅದೇ ದಿನ ದಂತವೈದ್ಯರ ಬಳಿಗೆ ಹೋಗಬೇಕು. ಎಷ್ಟೋ ಸಲ ಅದನ್ನೇ ಮರಳಿ ಅಂಟಿಸಬಹುದು. ಮೈಸೂರಿನ ಜೆಎಸ್ಎಸ್ ದಂತ ಕಾಲೇಜಿನಲ್ಲಿ ಆಸ್ಪತ್ರೆಯೂ ಇದೆ.

ಮುರಿದ ಜಾಗದ ನಡುವೆ ಕೆಂಪು ಚುಕ್ಕೆ ಕಂಡು ರಕ್ತ ಜಿನುಗುತ್ತಿದ್ದರೆ ತಿರುಳು (ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೆತ್ತನೆಯ ಭಾಗ) ಬಯಲಾಗಿದೆ ಎಂದರ್ಥ. ಶಾಶ್ವತ ಹಲ್ಲಿನ ಬೇರು ಇನ್ನೂ ಬಲಿಯದ ಮಕ್ಕಳಲ್ಲಿ ತಿರುಳಿನ ಮೇಲ್ಭಾಗವನ್ನು ಸುಮಾರು 2 ಮಿ.ಮೀ.ನಷ್ಟು ಮಾತ್ರ ತೆಗೆದು ಔಷಧಿಯಿಂದ ಮುಚ್ಚಿದರೆ ಬೇರು ಬೆಳೆಯುವುದನ್ನು ಮುಂದುವರಿಸಬಲ್ಲದು. ಆದ್ದರಿಂದ ಅವಸರಪಟ್ಟು ಕೀಳಿಸಬೇಡಿ ಎಂದು ಪೋಷಕರನ್ನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ದೊಡ್ಡವರಿಗೆ ಸಾಮಾನ್ಯವಾಗಿ ರೂಟ್ ಕೆನಾಲ್ (ತಿರುಳನ್ನು ಪೂರ್ತಿ ತೆಗೆದು ಆ ಜಾಗವನ್ನು ತುಂಬುವ ಚಿಕಿತ್ಸೆ) ಮಾಡಿ ಕ್ಯಾಪ್ ಹಾಕುತ್ತಾರೆ.

ಬೇರು ಅಡ್ಡಲಾಗಿ ತುಂಡಾಗಿದ್ದರೆ ಪಕ್ಕದ ಹಲ್ಲುಗಳಿಗೆ ತಂತಿಯಿಂದ ಸುಮಾರು 4 ವಾರ ಬಿಗಿಯುತ್ತಾರೆ. ಉದ್ದಕ್ಕೆ ಸೀಳಿದ್ದರೆ ಹೆಚ್ಚಾಗಿ ಕೀಳಲೇಬೇಕಾಗುತ್ತದೆ; ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಕೃತಕ ಬೇರು) ಮಾತ್ರ ದವಡೆಯ ಬೆಳವಣಿಗೆ ಮುಗಿದ ಮೇಲೆಯೇ.