ಮಾಲ್ಡೀವ್ಸ್ ರೆಸಾರ್ಟ್ ಕಾದಿರಿಸುವ ಮುನ್ನ ಮಾಲೆ ತಲುಪುವ ಹೊತ್ತನ್ನು ನೋಡಿಕೊಳ್ಳಿ

ಡಿಸೆಂಬರ್ ರಜೆಯಲ್ಲಿ ಮಕ್ಕಳು ಮತ್ತು ಹಿರಿಯರೊಂದಿಗೆ ಮಾಲ್ಡೀವ್ಸ್‌ಗೆ ಹೊರಡುವ ಯೋಚನೆಯಿರುವವರು, ಕೋಣೆಯ ಫೋಟೋಗಳಿಗೆ ಮರುಳಾಗುವ ಮೊದಲು, ಆ ದ್ವೀಪಕ್ಕೆ ರಾಜಧಾನಿ ಮಾಲೆಯ ವಿಮಾನ ನಿಲ್ದಾಣದಿಂದ ಸ್ಪೀಡ್‌ಬೋಟ್ ಇದೆಯೇ ಅಥವಾ ನೀರಿನ ಮೇಲೆ ಇಳಿಯುವ ಸೀಪ್ಲೇನ್‌ನಲ್ಲೇ ಹೋಗಬೇಕೇ ಎಂದು ವಿಚಾರಿಸಿಕೊಳ್ಳಬೇಕು. ಸೀಪ್ಲೇನ್ ಹಗಲಿನಲ್ಲಿ ಮಾತ್ರ ಹಾರುತ್ತದೆ. ಮಂಗಳೂರಿನಿಂದ ಹೊರಟು, ಬೆಂಗಳೂರಿನಲ್ಲಿ ವಿಮಾನ ಬದಲಿಸಿ, ಸಂಜೆ ಐದೂವರೆಗೆ ಮಾಲೆಯಲ್ಲಿಳಿದ ನಾವು ರೆಸಾರ್ಟಿಗೆ ಮುಂಗಡ ಕಟ್ಟಿದ್ದ ಮೊದಲ ರಾತ್ರಿಯನ್ನು ಕಳೆದುಕೊಂಡು, ವಿಮಾನ ನಿಲ್ದಾಣದ ಪಕ್ಕದ ಹುಲುಮಾಲೆಯ ಸಣ್ಣ ಹೋಟೆಲೊಂದರಲ್ಲಿ ಸ್ವಂತ ಖರ್ಚಿನಿಂದ ತಂಗಬೇಕಾಯಿತು. ಸೀಪ್ಲೇನ್‌ನಲ್ಲಿ ಸಾಮಾನಿಗೆ ಸಾಮಾನ್ಯವಾಗಿ ತಲಾ 20 ಕೆ.ಜಿ. ಮಿತಿ, ಅತ್ತೆಯವರು ಕಟ್ಟಿಕೊಟ್ಟಿದ್ದ ಹಲಸಿನ ಹಪ್ಪಳ ಹಗುರವೇ, ಆದರೆ ಮಿಡಿ ಉಪ್ಪಿನಕಾಯಿಯ ಭರಣಿ ತಕ್ಕಡಿಯ ಮುಳ್ಳನ್ನು ಗೆರೆ ದಾಟಿಸಿತು.

ವೀಸಾದ ಚಿಂತೆಯಿಲ್ಲ, ಅಲ್ಲಿ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ. ಆದರೆ ಪ್ರಯಾಣಕ್ಕೆ ಮುಂಚಿನ 96 ಗಂಟೆಗಳೊಳಗೆ ಮಾಲ್ಡೀವ್ಸ್ ವಲಸೆ ಇಲಾಖೆಯ ‘ಇಮುಗಾ’ ಜಾಲತಾಣದಲ್ಲಿ ಪ್ರತಿಯೊಬ್ಬರ, ಹಸುಗೂಸಿನದೂ ಸೇರಿ, ವಿವರ ತುಂಬಬೇಕು. 2025ರಿಂದ ರೆಸಾರ್ಟುಗಳಲ್ಲಿ ತಲೆಗೆ ರಾತ್ರಿಯೊಂದಕ್ಕೆ 12 ಡಾಲರ್ ಹಸಿರು ತೆರಿಗೆಯಿದ್ದು, ಎರಡು ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ ಇದೆ. ಹೇಳಿದ ದರದಲ್ಲಿ ಈ ತೆರಿಗೆ, ಸೇವಾ ಶುಲ್ಕ ಮತ್ತು ಸೀಪ್ಲೇನ್ ಬಾಡಿಗೆ ಸೇರಿವೆಯೇ ಎಂಬುದನ್ನು ಇಮೇಲ್‌ನಲ್ಲೇ ಬರೆಸಿಕೊಳ್ಳಿ.