ಅಕ್ಕಿಕಾಳಿನಷ್ಟು ಗಡ್ಡೆಯಿಂದ ಏಳು ಸೆಲ್ ಲೈನ್: ನನ್ನ ಅನುಭವ

ಡಿಐಪಿಜಿ ಅಂದರೆ ಮಕ್ಕಳ ಮೆದುಳುಕಾಂಡದಲ್ಲಿ ಬೆಳೆಯುವ ಕ್ಯಾನ್ಸರ್ ಗಡ್ಡೆ. ಕಳೆದ ತಿಂಗಳು ನಮ್ಮ ಏಳನೇ ಡಿಐಪಿಜಿ ಸೆಲ್ ಲೈನ್, ಅಂದರೆ ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಗಡ್ಡೆಯ ಕೋಶಗಳು, ಕಾಪಿಡಲು ಲಿಕ್ವಿಡ್ ನೈಟ್ರೋಜನ್‌ಗೆ ಹೋಯಿತು. ಆಮೇಲೆ ಒಂದು ವಯಲ್ ಕರಗಿಸಿ ನೋಡಿದೆ. ಹತ್ತು ದಿನದಲ್ಲಿ ಸಣ್ಣ ಉಂಡೆಗಳು ಮತ್ತೆ ಕಟ್ಟಿದವು. ಇಂಥ ಹೆಚ್ಚಿನ ಗಡ್ಡೆಗಳಲ್ಲಿ ಕಾಣುವ ಕೆ27ಎಂ ಎಂಬ ಮ್ಯುಟೇಷನ್ ತೋರಿಸುವ ಸ್ಟೇನ್ (ಬಣ್ಣದ ಪರೀಕ್ಷೆ) ಕೂಡ ಚೆನ್ನಾಗಿ ಬಂತು. ಅದಕ್ಕೇ ಈಗ ಬರೆಯುವ ಧೈರ್ಯ.

ಶುರು ಮಾಡಿದಾಗ ನವಿ ಮುಂಬೈಯ ಖಾರ್ಘರ್‌ನ ನಮ್ಮ ಲ್ಯಾಬಿನಲ್ಲಿ ಯಾರೂ ನಂಬಲಿಲ್ಲ. ನಮ್ಮ ಹಿರಿಯ ಟೆಕ್ನಿಷಿಯನ್ ಕಾರ್ಕಳದವರು. "ಬಯಾಪ್ಸಿ ಸೂಜಿಯಲ್ಲಿ ಬರೋದೇ ಅಕ್ಕಿಕಾಳಿನಷ್ಟು. ಪೆಥಾಲಜಿಯವರು ತಗೊಂಡು ಉಳಿದದ್ರಲ್ಲಿ ನೀನು ಎಂತ ಬೆಳೆಸ್ತೀಯ ಮಾರಾಯ?" ಎಂದರು.

ಮೊದಲ ಒಂಬತ್ತು ಸ್ಯಾಂಪಲ್ ಹೋದವು. ಎರಡು ದಾರಿಯಲ್ಲೇ ಸತ್ತವು. ದಕ್ಷಿಣ ಮುಂಬೈಯ ಆಸ್ಪತ್ರೆಯಿಂದ ಕಾರಲ್ಲಿ ತಂದಿದ್ದೆವು. ವಾಶಿ ಸೇತುವೆ ಹತ್ತಿರ ಟ್ರಾಫಿಕ್, ಒಟ್ಟು ಎರಡೂವರೆ ಗಂಟೆ. ಟ್ಯೂಬ್ ಐಸ್ ಪ್ಯಾಕ್‌ಗೆ ಒತ್ತಿಕೊಂಡು ತುಂಡು ಹೆಪ್ಪುಗಟ್ಟಿತ್ತು. ಈಗ ದಕ್ಷಿಣ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಹಾರ್ಬರ್ ಲೈನ್ ಲೋಕಲ್ ರೈಲು. ಮೂರು ಪದರದ ಪ್ಯಾಕಿಂಗ್, ಒಪ್ಪಿಗೆ ಪತ್ರದ ಪ್ರತಿ ಬ್ಯಾಗಲ್ಲಿ, ಒಂದೂಕಾಲು ಗಂಟೆಗೆ ಖಾರ್ಘರ್. ತಂಪಲ್ಲಿ ಕೋಶಗಳನ್ನು ಬದುಕಿಸಿಡುವ ಹೈಬರ್ನೇಟ್-ಎ ಮೀಡಿಯಾ (ಪೋಷಕ ದ್ರವ), ಐಸ್ ಪ್ಯಾಕ್‌ಗೂ ಟ್ಯೂಬ್‌ಗೂ ನಡುವೆ ದಪ್ಪ ಸ್ಪಂಜು. ಇಷ್ಟರಿಂದಲೇ ಅರ್ಧ ಸಮಸ್ಯೆ ಹೋಯಿತು.

ಐದನೇ ಸ್ಯಾಂಪಲ್ ಇವತ್ತಿಗೂ ಮನಸ್ಸಲ್ಲಿ ಚುಚ್ಚುತ್ತದೆ. ಮಗುವಿನ ತಂದೆ ನಮ್ಮ ಉತ್ತರ ಕರ್ನಾಟಕದವರು. "ಇದರಿಂದ ನಮ್ಮ ಹುಡುಗಗ ಏನರ ಅಕ್ಕೈತೇನ್ರಿ?" ಎಂದು ಕೇಳಿದರು. ಇಲ್ಲ ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಈ ಕಾಯಿಲೆಯಲ್ಲಿ ರೇಡಿಯೇಷನ್ ಕೊಟ್ಟರೂ ಹೆಚ್ಚಿನ ಮಕ್ಕಳು ಒಂದು ವರ್ಷ ದಾಟುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು. ಆ ತುಂಡಿಗೆ ನಾನು ಯಾರದೋ ಸಲಹೆ ಕೇಳಿ ಹತ್ತು ಪರ್ಸೆಂಟ್ ಸೀರಂ (ಪ್ರಾಣಿಯ ರಕ್ತದ ತಿಳಿ ದ್ರವ) ಹಾಕಿದೆ. ಕೋಶಗಳು ತಳಕ್ಕೆ ಅಂಟಿ ಜೋರಾಗಿ ಬೆಳೆದವು. ಮೂರು ತಿಂಗಳು ಖುಷಿಪಟ್ಟೆವು. ಆಮೇಲೆ ಸ್ಟೇನ್ ಮಾಡಿದರೆ ಒಂದರಲ್ಲೂ ಕೆ27ಎಂ ಇಲ್ಲ. ಬೆಳೆದದ್ದು ಗಡ್ಡೆಯ ಕೋಶವೇ ಅಲ್ಲ. ಈಗ ಎರಡನೇ ಪ್ಯಾಸೇಜ್‌ಗೇ, ಅಂದರೆ ಕೋಶಗಳನ್ನು ಎರಡನೇ ಸಲ ಹೊಸ ತಟ್ಟೆಗೆ ಹಂಚುವಾಗಲೇ, ಸ್ಟೇನ್ ಮಾಡುತ್ತೇನೆ. ನೀವೂ ಮಾಡಿ.

ಅಲ್ಲಿಂದ ಸೀರಂ ಪೂರ್ತಿ ಬಿಟ್ಟೆ. ಅದರ ಬದಲು ಬಿ27 ಎಂಬ ಪೋಷಕ ಮಿಶ್ರಣ, ಇಜಿಎಫ್, ಎಫ್‌ಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್‌ಗಳು (ಕೋಶ ಬೆಳೆಸುವ ಪ್ರೋಟೀನ್), ಹೆಪಾರಿನ್. ಎಫ್‌ಜಿಎಫ್ 37 ಡಿಗ್ರಿಯಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ ಅಲ್ವಾ, ಅದಕ್ಕೆ ವಾರಕ್ಕೆರಡು ಸಲ ಜಾಸ್ತಿ ಹಾಕುವ ಬದಲು ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಹಾಕಿದೆ. ಹಳೇ ಮೀಡಿಯಾ ಎಂದೂ ಪೂರ್ತಿ ಚೆಲ್ಲುವುದಿಲ್ಲ, ಅರ್ಧ ಉಳಿಸುತ್ತೇನೆ. ಕೋಶ ಕಡಿಮೆ ಇದ್ದಾಗ ಅವು ಬಿಟ್ಟ ರಸವೇ ಅವಕ್ಕೆ ಆಸರೆ. ತುಂಡು ಬಿಡಿಸುವುದರಲ್ಲಿ ಇನ್ನೊಂದು ಕೈಚಳಕ ಇದೆ. ನನ್ನ ವಿದ್ಯಾರ್ಥಿನಿಯ ಥೀಸಿಸ್ ಮುಗಿಯುವ ತನಕ ಅದನ್ನು ಹೇಳಲಾರೆ.

ಇನ್ನು ದುಡ್ಡಿನ ಮಾತು. ಎರಡು ವರ್ಷಕ್ಕೆ ಸಿಕ್ಕಿದ ಗ್ರಾಂಟ್ ಸುಮಾರು 12 ಲಕ್ಷ. ಅದರಲ್ಲಿ ಗ್ರೋತ್ ಫ್ಯಾಕ್ಟರ್‌ಗೇ ಮೂರೂವರೆ ಲಕ್ಷ ಹೋಗಿರಬೇಕು. ಕೋಶ ಅಂಟದಂಥ ಪ್ಲೇಟ್‌ಗಳು ಒಂದು ಪೆಟ್ಟಿಗೆಗೆ 30,000ದ ಆಸುಪಾಸು. ನಾನು ಸಾದಾ ಪ್ಲೇಟ್‌ಗೆ ಕೋಶ ಅಂಟದಂತೆ ಮಾಡುವ ಪಾಲಿ-ಹೀಮಾ ಎಂಬ ಪಾಲಿಮರ್ ಬಳಿದು ರಾತ್ರಿಯಿಡೀ ಹುಡ್‌ನಲ್ಲಿ ಒಣಗಿಸಿದೆ. ಖರ್ಚು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಮಳೆಗಾಲದಲ್ಲಿ ಮಾತ್ರ ಎರಡು ರಾತ್ರಿ ಬೇಕು. ಜುಲೈಯಲ್ಲಿ ಅವಸರ ಮಾಡಿ ಒಂದು ಬ್ಯಾಚ್ ಫಂಗಸ್‌ಗೆ ಕೊಟ್ಟೆ.

ನಡುವೆ ಔಷಧಿಗಳನ್ನೂ ಹಾಕಿ ನೋಡಿದೆ. ಪ್ಯಾನೊಬಿನೊಸ್ಟಾಟ್ ಎಂಬ ಕ್ಯಾನ್ಸರ್ ಔಷಧಿ ತಟ್ಟೆಯಲ್ಲಿ ಎಲ್ಲ ಲೈನ್‌ಗಳನ್ನೂ ಕೊಂದಿತು. 2015ರಿಂದ ಎಲ್ಲರೂ ಕಂಡದ್ದೇ. ಆದರೆ ಆ ಔಷಧಿ ರಕ್ತದಿಂದ ಮೆದುಳಿಗೆ ಸರಿಯಾಗಿ ದಾಟುವುದಿಲ್ಲ, ಹಾಗಾಗಿ ಅದರ ಹಿಂದೆ ಹೋಗಲಿಲ್ಲ. ಡಾರ್ಡಾವಿಪ್ರೋನ್, ಅಂದರೆ ನಮ್ಮ ಹಳೇ ಓಎನ್‌ಸಿ201, ಅದಕ್ಕೆ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲಿನ ಚಿಕಿತ್ಸೆ ಆದ ಮೇಲೂ ಬೆಳೆದ ಕೆ27ಎಂ ಗಡ್ಡೆಗೆ. ಅದನ್ನು ಹಾಕಿದಾಗ ನನ್ನ ಏಳರಲ್ಲಿ ಐದು ಲೈನ್ ನಿಧಾನವಾದವು. ಒಂದು ಅಷ್ಟಕ್ಕಷ್ಟೆ. ಆರನೇ ಲೈನ್ ಜಪ್ಪಯ್ಯ ಅನ್ನಲಿಲ್ಲ.

ಈಗ ನನ್ನ ಹಗಲು ರಾತ್ರಿಯೆಲ್ಲ ಆ ಆರನೇದರ ಜೊತೆಗೇ. ಕಾರ್ಕಳದ ಟೆಕ್ನಿಷಿಯನ್ ಭಾನುವಾರವೂ ಬಂದು ಅದಕ್ಕೆ ಮೀಡಿಯಾ ಹಾಕುತ್ತಾರೆ.