ದಿನ ತುಂಬದೆ ಹುಟ್ಟಿದವರ ಫೋಟೊ ಗೋಡೆ: ನನ್ನ ಅನುಭವ

"ಆಸ್ಪತ್ರೇಲಿ ಯಾರು ಫೋಟೊ ನೋಡ್ತಾರೆ ಮಾರಾಯಾ, ಮದುವೆ ಸೀಸನ್ ಬಿಟ್ಟು ಅಲ್ಲಿಗ್ಯಾಕೆ ಹೋಗ್ತೀಯ" ಎಂದು ಶಿವಮೊಗ್ಗದ ನಮ್ಮ ಸ್ಟುಡಿಯೋ ಗೆಳೆಯರು ನಕ್ಕಿದ್ದರು. ದಿನ ತುಂಬದೆ ಹುಟ್ಟಿ ಬೆಳೆದ ಮಕ್ಕಳ ಫೋಟೊಗಳನ್ನು ಆಸ್ಪತ್ರೆ ಗೋಡೆಗೆ ಹಾಕಿದ್ದು ನೋಡಿ, ಈಗ ಅವರಲ್ಲೇ ಇಬ್ಬರು ಹೇಗೆ ಮಾಡಿದೆ ಹೇಳು ಅಂತ ಬೆನ್ನು ಬಿದ್ದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಮೆರಾ ಪಾಠ ಇದರಲ್ಲಿಲ್ಲ, ಅದು ನಿಮಗೆಲ್ಲ ಗೊತ್ತು.

ಮೊದಲು ಮಾಡಿದ್ದು ಎಲ್ಲರಿಗೂ ಹೊಳೆಯುವ ಕೆಲಸ: ಎನ್‌ಐಸಿಯು, ಅಂದರೆ ಆಗಷ್ಟೇ ಹುಟ್ಟಿದ ಕೂಸುಗಳ ತೀವ್ರ ನಿಗಾ ಘಟಕದ ಒಳಗೇ ಹೋಗಿ ಕೂಸುಗಳ ಚಂದದ ಫೋಟೊ ತೆಗೆದು, ಹೊರಗೆ ಕಾಯುವವರಿಗೆ ತೋರಿಸುವುದು. ಫ್ಲಾಶ್ ಅಂತೂ ಇಲ್ಲವೇ ಇಲ್ಲ. ಬ್ಯಾಗ್ ಹೊರಗೆ, ಗೌನ್, ಮೊಣಕೈವರೆಗೆ ಕೈತೊಳೆತ, ಒಂದು ಕ್ಯಾಮೆರಾ ಬಾಡಿ, ಒಂದು 50 ಎಂಎಂ ಲೆನ್ಸ್, ಒರೆಸಿಕೊಂಡೇ ಒಳಗೆ. ಸಿಗುತ್ತಿದ್ದದ್ದು ಹತ್ತು ನಿಮಿಷ. ಕಾಮಾಲೆಗೆ ಇಡುವ ನೀಲಿ ಬೆಳಕಿನ ಕೆಳಗೆ ಮಲಗಿದ ಕೂಸಿನ ಚರ್ಮದ ಬಣ್ಣ ಕ್ಯಾಮೆರಾದಲ್ಲಿ ಬಣ್ಣ ಸರಿಮಾಡುವ ಯಾವ ವೈಟ್ ಬ್ಯಾಲೆನ್ಸಿಗೂ ಬಗ್ಗಲಿಲ್ಲ. ಸದ್ದು ಬರಬಾರದೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಎಲ್‌ಇಡಿ ಬೆಳಕಿನ ಪಟ್ಟೆ. ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ, ಅಂದರೆ ಇನ್ಕ್ಯುಬೇಟರಿನ ಹೊಳಪು ತೆಗೆಯಲು ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿದರೆ ಕೆಲವು ಪೆಟ್ಟಿಗೆಗಳ ಅಕ್ರಿಲಿಕ್ ಮೇಲೆ ಕಾಮನಬಿಲ್ಲು. ಕೊನೆಗೂ ಸರಿ ಮಾಡಿಕೊಂಡೆ. ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ, ಅಷ್ಟು ನನ್ನ ಹತ್ತಿರ ಇರಲಿ.

ಆದರೆ ಫೋಟೊ ಚೆನ್ನಾಗಿ ಬಂದಷ್ಟೂ ಯಾರಿಗೂ ಬೇಡವಾಯ್ತು! ಸಾಗರದ ಕಡೆಯ ಅಜ್ಜಿಯೊಬ್ಬರು, "ಈ ನಳಿಗೆ, ಈ ಸೂಜಿ, ಇದನ್ನ ದೊಡ್ಡದು ಮಾಡಿ ಯಾಕಪ್ಪಾ ತೋರಿಸ್ತೀಯ, ದೃಷ್ಟಿ ಬೇರೆ ಆಗ್ತದೆ" ಎಂದರು. ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿದ್ದೆ, ಎಂಟೊಂಬತ್ತು ಸಾವಿರ ಹೋಯ್ತು. ಒಂದು ವಾರಕ್ಕೇ ಸಿಸ್ಟರ್ ತೆಗೆಸಿದರು. ಬಟ್ಟೆಯನ್ನು ಔಷಧಿ ಹಾಕಿ ಒರೆಸಲು ಆಗಲ್ಲವಲ್ಲ.

ಎರಡನೇ ಸಲ ಉಲ್ಟಾ ಹೋದೆ. ಇಲ್ಲೇ ಹುಟ್ಟಿ ಈಗ ಗಟ್ಟಿಮುಟ್ಟಾಗಿರುವ ಮಕ್ಕಳನ್ನು ಸ್ಟುಡಿಯೋಗೆ ಕರೆಸಿ ನಗಿಸಿ ತೆಗೆದೆ. ಒಳ್ಳೆಯ ಬೆಳಕು, ಒಳ್ಳೆಯ ಬಟ್ಟೆ. ಜನ ಬೇಬಿ ಸೋಪಿನ ಜಾಹೀರಾತು ಅಂದುಕೊಂಡು ಮುಂದೆ ಹೋದರು. ಆಗ ಕೆನಡಾದ ಕ್ವಿಬೆಕ್‌ನ ಫೋಟೊಗ್ರಾಫರ್ ರೆಡ್ ಮೇಥೋ ಮಾಡಿದ ಕೆಲಸ ಕಣ್ಣಿಗೆ ಬಿತ್ತು. ಅವರ ಮಕ್ಕಳೂ ದಿನ ತುಂಬದೆ ಹುಟ್ಟಿದವರೇ. ಹಾಗೆ ಹುಟ್ಟಿ ಬೆಳೆದವರ ಕೈಗೆ ಅವರದೇ ಆಸ್ಪತ್ರೆ ಕಾಲದ ಫೋಟೊ ಕೊಟ್ಟು ಅವರು ಪೋರ್ಟ್ರೇಟ್ ತೆಗೆದಿದ್ದರು. ಐಡಿಯಾ ಅವರದು, ಸಂಕೋಚ ಇಲ್ಲದೆ ಹೇಳುತ್ತೇನೆ. ಆದರೆ ನಮ್ಮ ಜನಕ್ಕೆ ಹೊಂದಿಸಿದ್ದು ನಾನು.

ಮುಖ್ಯವಾದದ್ದು ಮಗು ಕೈಯಲ್ಲಿ ಹಿಡಿಯುವ ಹಳೆ ಫೋಟೊ. ಅದು ಅಪ್ಪನ ಮೊಬೈಲಿನಲ್ಲಿ ತೆಗೆದದ್ದಾಗಿರಬೇಕು, ಮಸುಕಾಗಿದ್ದರೆ ಇನ್ನೂ ಒಳ್ಳೆಯದು. ಅದನ್ನು ತಿದ್ದಲೇಬೇಡಿ. ಶಾರ್ಪ್ ಮಾಡಿ ಬಣ್ಣ ಸರಿ ಮಾಡಿದ ಒಂದೆರಡನ್ನು ಹಾಕಿ ನೋಡಿದೆ, "ಇದು ಕಂಪ್ಯೂಟರಿನಲ್ಲಿ ಮಾಡಿದ್ದು" ಅಂದರು. ಕಾಯುತ್ತಾ ಕೂತ ಅಪ್ಪನ ಮೊಬೈಲಿನಲ್ಲೂ ಅಂಥದ್ದೇ ಮಸುಕು ಫೋಟೊ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಹಿಡಿದು ನೋಡುತ್ತಾರೆ.

ಕೆಳಗೆ ಬರೆಯುವುದು ಇಷ್ಟೇ, ಎಷ್ಟನೇ ವಾರಕ್ಕೆ ಹುಟ್ಟಿದ್ದು, ಹುಟ್ಟಿದಾಗಿನ ತೂಕ, ಈಗಿನ ವಯಸ್ಸು: 28 ವಾರ, 940 ಗ್ರಾಂ, ಈಗ 5 ವರ್ಷ. ಹೆಸರು, ಊರು, ನೀತಿಮಾತು ಯಾವುದೂ ಬೇಡ. ಆಡಳಿತದವರಿಗೆ "ಭರವಸೆ" ಅಂತ ದೊಡ್ಡಕ್ಷರದಲ್ಲಿ ಬೇಕಿತ್ತು, ನಾನು ಒಪ್ಪಲಿಲ್ಲ. ಅಲ್ಲಿ ಕೂತವರು ದಿನವೆಲ್ಲಾ ಲೆಕ್ಕ ಹಾಕುವುದೇ ಗ್ರಾಂ. ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ ಎಂದು ಡಾಕ್ಟರು ಎಷ್ಟು ಹೇಳಿದರೂ ಎದೆ ಹೊಡೆದುಕೊಳ್ಳುತ್ತಿರುತ್ತದೆ. ತಮ್ಮ ಕೂಸಿಗಿಂತ ಕಡಿಮೆ ತೂಕದ್ದು ಗೋಡೆ ಮೇಲೆ ಸೈಕಲ್ ಹಿಡಿದು ನಿಂತಿದ್ದರೆ ಅಲ್ಲೇ ನಿಲ್ಲುತ್ತಾರೆ. ಏಳು ತಿಂಗಳದ್ದು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ ಎಂಬ ಮಾತು ನಮ್ಮ ಕಡೆ ಇನ್ನೂ ಇದೆ ಅಲ್ವಾ? ಅದಕ್ಕೇ ಎಂಟು ತಿಂಗಳಿನ, ಅಂದರೆ 33, 34 ವಾರದವರನ್ನು ಬೇಕೆಂದೇ ಜಾಸ್ತಿ ಹಾಕಿದೆ. ಅಜ್ಜಿಯರ ಜೊತೆ ವಾದ ಮಾಡುವ ಕೆಲಸ ಡಾಕ್ಟರಿಗೆ ತಪ್ಪಿತು.

ಡಾಕ್ಟರ್ ಮೇಡಂ ಎತ್ತಿದ ತಕರಾರು ಬೇರೆ. ಎಲ್ಲಾ ಕೂಸೂ ಉಳಿಯಲ್ಲ, ಆ ತಂದೆತಾಯಿಗೆ ಈ ಗೋಡೆ ಏನು ಹೇಳುತ್ತದೆ? ಅದು ನ್ಯಾಯವಾದ ಪ್ರಶ್ನೆ. ಕೆಟ್ಟ ಸುದ್ದಿ ಹೇಳುವ ಕೋಣೆಯಿಂದ ಹೊರಗೆ ಹೋಗುವ ದಾರಿಯಲ್ಲಿ ಒಂದೂ ಫೋಟೊ ಕಾಣದ ಹಾಗೆ ಗೋಡೆಯನ್ನೇ ಬದಲಿಸಿದೆವು. ಬರೀ ಗೆದ್ದವರದ್ದು ಬೇಡ ಎಂದೂ ಮೇಡಂ ಹೇಳಿದರು. ದಪ್ಪ ಕನ್ನಡಕದ ಹುಡುಗ, ಕಿವಿಗೆ ಮೆಷಿನ್ ಹಾಕಿದ ಹುಡುಗಿ ಇಬ್ಬರೂ ಬಂದರು. ಬೇಗ ಹುಟ್ಟಿದವರಿಗೆ ಕಣ್ಣಿನ ರೆಟಿನಾ ತೊಂದರೆ ಬರಬಹುದು, ತಿಂಗಳೊಳಗೆ ಮೊದಲ ತಪಾಸಣೆ ಆಗಬೇಕು. ಆ ಹುಡುಗನ ಫೋಟೊ ತೋರಿಸಿ ಅದನ್ನು ಹೇಳುವುದು ಈಗ ಸಿಸ್ಟರ್‌ಗಳಿಗೆ ಸುಲಭವಾಗಿದೆ.

ಮಕ್ಕಳು ಸಿಕ್ಕಿದ್ದು ಮನೆಗೆ ಹೋದ ಮೇಲೂ ತಪಾಸಣೆಗೆ, ಅಂದರೆ ಫಾಲೋಅಪ್‌ಗೆ ಬರುವವರಲ್ಲಿ. ಅಪ್ಪ ಅಮ್ಮ ಇಬ್ಬರ ಸಹಿ ಇಲ್ಲದೆ ಕ್ಯಾಮೆರಾ ಎತ್ತಿಲ್ಲ. ಗಂಡುಮಕ್ಕಳಿಗೆ ಬೇಗ ಒಪ್ಪುತ್ತಾರೆ. ಹೆಣ್ಣುಮಕ್ಕಳಿಗೆ, "ನಾಳೆ ಸಂಬಂಧ ಬಂದಾಗ ಇದನ್ನೆಲ್ಲ ಯಾಕೆ ಎಬ್ಬಿಸೋದು" ಎಂದು ಹಿಂದೆ ಸರಿದವರು ತುಂಬಾ ಜನ. ಎರಡು ವರ್ಷದ ಮಗು ಹಳೆ ಫೋಟೊವನ್ನು ಬಾಯಿಗೆ ಹಾಕದೆ ಹಿಡಿದು ನಿಲ್ಲುವ ಹಾಗೆ ಮಾಡಲು ನನ್ನದೇ ಒಂದು ಉಪಾಯ ಇದೆ. ಅದನ್ನೂ ಹೇಳಲ್ಲ.

ದುಡ್ಡಿನ ವಿಷಯ. ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆ ಅಗ್ಗ, ಆದರೆ ಒರೆಸಿ ಒರೆಸಿ ಅಂಚು ಎದ್ದುಬರುತ್ತದೆ. ಕೊನೆಗೆ ಎಸಿಪಿ (ಅಲ್ಯುಮಿನಿಯಂ ಹೊದಿಕೆಯ) ಶೀಟ್ ಮೇಲೆ ವಿನೈಲ್, ಮ್ಯಾಟ್ ಲ್ಯಾಮಿನೇಷನ್. ಗ್ಲಾಸಿ ಹಾಕಿದರೆ ಟ್ಯೂಬ್‌ಲೈಟ್ ಬಿಟ್ಟು ಬೇರೇನೂ ಕಾಣಲ್ಲ. ಒಂದಕ್ಕೆ ಸುಮಾರು ಏಳುನೂರು ಬಿತ್ತು, ಅದೂ ಫ್ಲೆಕ್ಸ್ ಅಂಗಡಿಯವರು ಪರಿಚಯದವರು ಅಂತ. ಹಾಳಾದದ್ದೂ ಸೇರಿ ಒಟ್ಟು ಅರವತ್ತು ಸಾವಿರ ದಾಟಿರಬೇಕು. ಅಡಿಕೆ ಮಂಡಿಯವರೊಬ್ಬರು ಅರ್ಧ ಕೊಟ್ಟರು. ಪ್ರತಿ ಫೋಟೊ ಕೆಳಗೂ ತಮ್ಮ ಹೆಸರು ಬೇಕು ಎಂದರು. ಚೌಕಾಸಿ ಮಾಡಿ ಗೋಡೆಯ ಮೂಲೆಯಲ್ಲಿ ಒಂದು ಪಟ್ಟಿಗೆ ಇಳಿಸಿದೆ. ನಾನು ಹಾಕಿದ ದುಡ್ಡಿಗೆ ಬದಲಾಗಿ ಗೋಡೆ ಮೇಲಿನ ಮಕ್ಕಳ ಬರ್ತ್‌ಡೇ, ಚೌಲದ ಆರ್ಡರ್ ಒಂದಷ್ಟು ನನಗೆ ಬಂದವು, ಸುಳ್ಳು ಯಾಕೆ ಹೇಳಲಿ.

ನಡುವೆ ಸುಮ್ನೆ ಮಾಡಿದ ಒಂದು ಪ್ರಯೋಗ ಗೋಡೆಗಿಂತ ಬೇಗ ಕೆಲಸ ಮಾಡಿತು. ಸಿಸೇರಿಯನ್ ಆದ ತಾಯಿ ಮೇಲಿನ ವಾರ್ಡಿನಲ್ಲಿ, ಕೂಸು ಕೆಳಗೆ. ಎಷ್ಟೋ ಜನ ಮುಖವನ್ನೇ ನೋಡಿರುವುದಿಲ್ಲ. ಸೆಕೆಂಡ್‌ಹ್ಯಾಂಡ್ ಫೋಟೊ ಪ್ರಿಂಟರ್ ಒಂದನ್ನು ತಂದಿಟ್ಟೆ, ಒಂದು ಪ್ರಿಂಟಿಗೆ ಇಪ್ಪತ್ತು ರೂಪಾಯಿ. ಮನೆಯವರು ಒಪ್ಪಿದರೆ ಸಿಸ್ಟರ್ ತಮ್ಮ ಟ್ಯಾಬಿನಲ್ಲಿ ಮುಖ ತೆಗೆದು ಮೇಲೆ ಕಳಿಸುತ್ತಾರೆ. ಅದನ್ನು ಎದುರಿಗಿಟ್ಟುಕೊಂಡು ಹಾಲು ಹಿಂಡಿದರೆ ಬೇಗ ಇಳಿಯುತ್ತದೆ ಎಂದು ತಾಯಂದಿರೇ ಹೇಳಿದರು. ಸಿಸ್ಟರ್‌ಗಳಿಗೆ ಇದು ಮೊದಲೇ ಗೊತ್ತಿತ್ತು, ಪ್ರಿಂಟರ್ ಇರಲಿಲ್ಲ ಅಷ್ಟೆ.

ಕಾಂಗರೂ ಆರೈಕೆಯ ಫೋಟೊ ಕೂಡ ತೆಗೆದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್ಕ್ಯುಬೇಟರ್ ಸಾಲದೆ ಶುರುವಾದ ಪದ್ಧತಿ ಅದು, ಕೂಸನ್ನು ಬರಿಮೈಗೆ ಒತ್ತಿ ಇಟ್ಟುಕೊಳ್ಳುವುದು. ನಮ್ಮ ಗಂಡಸರು ಅಂಗಿ ಬಿಚ್ಚಲು ನಾಚುತ್ತಾರೆ. ಶಿಕಾರಿಪುರದ ಡ್ರೈವರ್ ಒಬ್ಬರು ಒಪ್ಪಿದರು, ಮುಖ ಕಾಣದ ಹಾಗೆ ಹಿಂದಿನಿಂದ, ಭುಜದ ಮೇಲಿಂದ ಕೂಸಿನ ಟೋಪಿ ಮಾತ್ರ ಕಾಣುವಂತೆ ತೆಗೆದೆ. ಆ ಫೋಟೊ ಹಾಕಿದ ಮೇಲೆ "ನಾವೂ ಇಟ್ಕೋಬಹುದಾ ಸಿಸ್ಟರ್" ಎಂದು ಕೇಳುವ ಅಪ್ಪಂದಿರು ಬಂದಿದ್ದಾರೆ.

ನವೆಂಬರ್ 17 ವಿಶ್ವ ಅವಧಿಪೂರ್ವ ಜನನದ ದಿನ, ಹೊಸ ಫೋಟೊ ಹಾಕಲು ಅದೇ ಸರಿಯಾದ ನೆಪ. ಆಸ್ಪತ್ರೆಯವರೇ ಎಲ್ಲರನ್ನೂ ಕರೆಸುತ್ತಾರೆ, ಒಂದೇ ಮಧ್ಯಾಹ್ನದಲ್ಲಿ ಹತ್ತು ಮಕ್ಕಳು ಮುಗಿಯುತ್ತಾರೆ. ಒಪ್ಪಿಗೆ ಪತ್ರದ ನಮೂನೆ ಬೇಕಿದ್ದವರು ಕೇಳಿ, ಕೊಡುತ್ತೇನೆ. ಫ್ಲೆಕ್ಸ್ ಅಂಗಡಿಯವರ ನಂಬರ್ ಮಾತ್ರ ಕೇಳಬೇಡಿ, ಆ ರೇಟ್ ನನಗೊಬ್ಬನಿಗೇ.